ಮೊದಲ ಚಾಕು

ಈ ಬೇಸಿಗೆಯಲ್ಲಿ ನಮ್ಮ ಮಗ ಮೊದಲ ಸಲ ಕ್ಯಾಂಪಿಂಗ್‌ಗೆ ಹೊರಟ. ಕರೆದೊಯ್ಯಲಿದ್ದ ಪಕ್ಕದ ಮನೆಯ ಹಿರಿಯರು, "ಅವನಿಗೊಂದು ಚಾಕು ಕೊಡಿಸಿ, ಮಡಚುವಂಥದ್ದು ಬೇಡ, ಬೆರಳ ಮೇಲೆಯೇ ಮಡಚಿಕೊಂಡೀತು" ಎಂದರು. ಈರುಳ್ಳಿ ಹೆಚ್ಚುವುದರಾಚೆಗೆ ಚಾಕುವಿನ ಪರಿಚಯವಿಲ್ಲದ ನಾವು ಅಂಗಡಿಗೆ ಹೋದರೆ, ಗಾಜಿನ ಕಪಾಟಿನ ತುಂಬ ಮೊಳದುದ್ದದ ಆಯುಧಗಳು! ಹನ್ನೆರಡು ವರ್ಷದ ಹುಡುಗನ ಕೈಗೆ ಇದೇ? ಬರಿಗೈಯಲ್ಲಿ ಮನೆಗೆ ಬಂದು ಪುಸ್ತಕ ತೆರೆದೆವು. ನಮ್ಮ ಜಾಯಮಾನವೇ ಹಾಗಲ್ಲವೇ!

ಕಪಾಟಿನ ಆ ಭೀಮಕಾಯಗಳ ಮೂಲಪುರುಷ ಬೋವಿ ಚಾಕು. 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳದಿಣ್ಣೆಯೊಂದರ ಮೇಲೆ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೋವಿ ಎಂಬಾತ ದೊಡ್ಡ ಚಾಕುವಿನಿಂದ ಹೆಸರು ಮಾಡಿದ. 1836ರಲ್ಲಿ ಅಲಾಮೊದಲ್ಲಿ ಸತ್ತು ದಂತಕಥೆಯಾದ. ಇಂಗ್ಲೆಂಡಿನ ಶೆಫೀಲ್ಡ್‌ನ ಕಮ್ಮಟಗಳು ಅವನ ಹೆಸರಿನ ಚಾಕುಗಳನ್ನು ಮಾಡಿ ಅಮೆರಿಕಕ್ಕೆ ಕಳಿಸಿ ಕಾಸು ಎಣಿಸಿದವು. ಅಂದರೆ ಅದು ಹೊಡೆದಾಟದ ಚಾಕು. ಕಡ್ಡಿ ಸೀಳುವುದಕ್ಕೂ ಮೀನು ಕೊಯ್ಯುವುದಕ್ಕೂ ಹುಟ್ಟಿದ್ದಲ್ಲ.

ಇದನ್ನು ಗೇಲಿ ಮಾಡಿದವರಲ್ಲೊಬ್ಬ ಜಾರ್ಜ್ ವಾಷಿಂಗ್ಟನ್ ಸಿಯರ್ಸ್. ಪೆನ್ಸಿಲ್ವೇನಿಯಾದ ವೆಲ್ಸ್‌ಬರೋದಲ್ಲಿ ಚಪ್ಪಲಿ ಹೊಲಿಯುವ ಕಸುಬಿನವ, ಪೀಚು ಆಳು. 1883ರಲ್ಲಿ, ಅರವತ್ತು ದಾಟಿದ ಮೇಲೆ, ಹತ್ತೂವರೆ ಪೌಂಡ್ ತೂಕದ ದೋಣಿಯಲ್ಲಿ ಅಡಿರಾಂಡಕ್ ಸರೋವರಗಳನ್ನು ಸುತ್ತಿದ. 'ನೆಸ್ಮಕ್' ಎಂಬ ಹೆಸರಿನಲ್ಲಿ 1884ರಲ್ಲಿ 'ವುಡ್‌ಕ್ರಾಫ್ಟ್' ಬರೆದ. ಅಂಗಡಿಯ ದಪ್ಪ ಬೇಟೆ ಚಾಕುಗಳು ಅವನಿಗೆ ಒಗ್ಗಲೇ ಇಲ್ಲ. ಸೀಳಲು ಪುಟ್ಟ ಕೊಡಲಿ, ಕೊಯ್ಯಲು ತೆಳು ಅಲಗಿನ ಚಾಕು, ಸಣ್ಣ ಕೆಲಸಕ್ಕೆ ಜೇಬಿನ ಚಾಕು: ಅವನ ಸರಂಜಾಮು ಇಷ್ಟೆ.

ನಮಗೆ ಹೆಚ್ಚು ಆಪ್ತನಾದವ ಹೊರೇಸ್ ಕೆಫರ್ಟ್. ಸೇಂಟ್ ಲೂಯಿಸ್‌ನ ಮರ್ಕಂಟೈಲ್ ಗ್ರಂಥಾಲಯದ ಗ್ರಂಥಪಾಲಕ! ಕುಡಿತ, ಕುಸಿದ ಮನಸ್ಸು, ಒಡೆದ ಸಂಸಾರ. 1904ರಲ್ಲಿ ಎಲ್ಲ ಬಿಟ್ಟು ಸ್ಮೋಕಿ ಬೆಟ್ಟಗಳಿಗೆ ಹೋದ. 1906ರ ಅವನ ಪುಸ್ತಕದಲ್ಲಿ ಹಳ್ಳಿಯ ಕಮ್ಮಾರನೊಬ್ಬ ಮಾಡಿದ ಕುರೂಪಿ ಚಾಕುವಿನ ಹೊಗಳಿಕೆ ಇದೆ. ನಾಲ್ಕು ಇಂಚಿಗಿಂತ ತುಸು ಹೆಚ್ಚಿನ ಅಲಗು, ಅಷ್ಟೇ ಉದ್ದದ ಸಾದಾ ಮರದ ಹಿಡಿ ಸಾಕೆಂಬುದು ಅವನ ಲೆಕ್ಕ. ಕಾಡು ಅವನನ್ನು ಉಳಿಸಿತು. ಅವನೂ ಆ ಕಾಡನ್ನು ರಾಷ್ಟ್ರೀಯ ಉದ್ಯಾನವಾಗಿಸಲು ಹೆಣಗಿದ. ಉದ್ಯಾನವಾದದ್ದು 1934ರಲ್ಲಿ, 1931ರಲ್ಲೇ ಅವನು ಕಾರು ಅಪಘಾತದಲ್ಲಿ ತೀರಿಕೊಂಡಿದ್ದ.

ಕಡೆಗೆ ನಾವು ಕೊಂಡದ್ದು ಸ್ವೀಡನ್ನಿನ ಮೋರಾ ಚಾಕು. ಅದರ ಹಿಂದೆ ನಮ್ಮಂಥವನೊಬ್ಬನ ಕಥೆಯಿದೆ. ಮೋರಾ ಬಳಿಯ ಓಸ್ಟ್‌ನೋರ್ ಹಳ್ಳಿಯ ಫ್ರಾಸ್ಟ್ ಎರಿಕ್ ಎರ್ಸನ್ ಉತ್ತರ ಅಮೆರಿಕದ ಕಾಡುಗಳಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಮರಳಿದ. 1891ರಲ್ಲಿ ಮರ ಸಾಗಿಸುವ ಜಾರುಬಂಡಿಗಳ ಕಾರ್ಖಾನೆ ತೆರೆದ. ಅಲ್ಲಿನ ಆಳುಗಳಿಗೆ ಬೇಕೆಂದು ಚಾಕು ಮಾಡಿಸಿದ. ಬಂಡಿ ಹಿಂದಾಯಿತು, ಚಾಕು ಮುಂದಾಯಿತು. ನಾವೂ ಊರಿಗೆ ಮರಳುತ್ತೇವೆಂದು ಪ್ರತಿ ಯುಗಾದಿಗೂ ಹೇಳಿಕೊಳ್ಳುತ್ತೇವೆ, ಅದಿರಲಿ.

ಮಲೆನಾಡಿನಲ್ಲಿ ನಮ್ಮ ಅಜ್ಜ ಸೊಂಟದ ಹಿಂದೆ ಮರದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ತೋಟಕ್ಕೆ ಇಳಿಯುತ್ತಿದ್ದರು. ಅದನ್ನು ಯಾರೂ ಆಯುಧವೆಂದದ್ದಿಲ್ಲ. ಹಿಡಿ ಅಂಗೈಗೆ ಒಗ್ಗಬೇಕು, ಮಸೆದರೆ ಹರಿತ ಬರಬೇಕು, ಅಷ್ಟೇ ಅವರ ಪರೀಕ್ಷೆ. ಫೋನಿನಲ್ಲಿ ಅಜ್ಜಿಗೆ ವಿಷಯ ತಿಳಿಸಿದರೆ, "ಕೈಯಿಂದ ಕೈಗೆ ಕೊಡಬೇಡಿ ಮಾರಾಯ್ರೆ, ಜಗಳ ಆಗ್ತದೆ, ಕೆಳಗಿಡಿ, ಅವನೇ ತಗೊಳ್ಳಲಿ" ಎಂದರು. ಹಾಗೇ ಮೇಜಿನ ಮೇಲಿಟ್ಟೆವು.

ಮೂರು ದಿನ ಬಿಟ್ಟು ಬೆರಳುಗಳೆಲ್ಲ ಕ್ಷೇಮವಾಗಿ ಮಗ ಮರಳಿದ. ಚಾಕುವನ್ನು ಮಾತ್ರ ಒದ್ದೆ ಒರೆಯಲ್ಲೇ ಬಿಟ್ಟಿದ್ದ. ಕಾರ್ಬನ್ ಉಕ್ಕು, ತುಕ್ಕು ಹಿಡಿದಿತ್ತು. ಈಗ ಹಿತ್ತಲ ಮೆಟ್ಟಿಲ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದಾನೆ.