ಕ್ವೆವ್ರಿ ವೈನ್

ಜಾರ್ಜಿಯ ದೇಶದ, ಮುಖ್ಯವಾಗಿ ಅದರ ಪೂರ್ವದ ಕಾಖೆತಿ ಪ್ರಾಂತದ ರೈತ ಕುಟುಂಬಗಳು ಕ್ವೆವ್ರಿ ಎಂಬ ಮಣ್ಣಿನ ದೊಡ್ಡ ಹರವಿಗಳಲ್ಲಿ ತಯಾರಿಸುವ, ಜೇನುಬಣ್ಣದ ದ್ರಾಕ್ಷಾಮದ್ಯ. ಮೊಟ್ಟೆಯಾಕಾರದ, ಒಳಮೈಗೆ ಜೇನುಮೇಣ ಸವರಿದ ಹರವಿಯನ್ನು ಮರಾನಿ ಎಂಬ ಉಗ್ರಾಣದ ನೆಲದಲ್ಲಿ ಕಂಠದವರೆಗೆ ಹೂತಿರುವುದರಿಂದ ಒಳಗಿನ ಉಷ್ಣತೆ ಹೆಚ್ಚು ಏರಿಳಿಯುವುದಿಲ್ಲ. ರ್‌ಕತ್ಸಿತೇಲಿ ಮೊದಲಾದ ಬಿಳಿ ದ್ರಾಕ್ಷಿಯನ್ನು ತುಳಿದು, ರಸವನ್ನು ಚಾಚಾ ಎನ್ನಲಾಗುವ ಸಿಪ್ಪೆ, ಬೀಜ, ತೊಟ್ಟುಗಳ ಸಮೇತ ತುಂಬಿ, ಹುದುಗು ಇಳಿದ ಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಇಡುತ್ತಾರೆ. ಸಾಮಾನ್ಯ ಬಿಳಿ ವೈನಿನಲ್ಲಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುತ್ತಾರೆ. ಇಲ್ಲಿ ಅದು ರಸದಲ್ಲೇ ಉಳಿದು ಬಣ್ಣವನ್ನೂ ಟ್ಯಾನಿನ್ ಎಂಬ ಒಗರು ದ್ರವ್ಯವನ್ನೂ ಬಿಡುವುದೇ ಈ ಪದ್ಧತಿಯ ಜೀವಾಳ. ಕಿತ್ತಳೆ ವೈನ್ ಎಂಬ ರೂಢಿಯ ಹೆಸರು ಬಣ್ಣದಿಂದ ಬಂದುದೇ ಹೊರತು ಹಣ್ಣಿನಿಂದಲ್ಲ. ಯುನೆಸ್ಕೊ 2013ರಲ್ಲಿ ಈ ವಿಧಾನವನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.