ಯಾರಿಗೂ ಬೇಡವಾಗಿದ್ದ ಕಡಲತೀರ

ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪದ ಬೀಚಿನಿಂದ ನೆನಪಿಗೆಂದು ಒಂದು ಹಿಡಿ ಮರಳು ತಂದರೂ ಅಪರಾಧ. ಮರಳು, ಉರುಟುಗಲ್ಲು, ಕಪ್ಪೆಚಿಪ್ಪು ಒಯ್ಯುವವರಿಗೆ 500ರಿಂದ 3,000 ಯೂರೊವರೆಗೆ ದಂಡ ವಿಧಿಸುವ ಕಾನೂನು 2017ರಲ್ಲಿ ಅಲ್ಲಿ ಜಾರಿಗೆ ಬಂತು. 2019ರಲ್ಲಿ ಫ್ರಾನ್ಸಿನ ದಂಪತಿ ಸುಮಾರು 40 ಕಿಲೊ ಮರಳನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೊರಟು ಬಂದರಿನಲ್ಲಿ ಸಿಕ್ಕಿಬಿದ್ದಿದ್ದರು.

ಇಂದು ಇಷ್ಟೊಂದು ಬೆಲೆ ಪಡೆದಿರುವ ಈ ಮರಳದಂಡೆಯನ್ನು ಎಂಟು ದಶಕಗಳ ಹಿಂದೆ ದ್ವೀಪದ ಜನರೇ ಕಣ್ಣೆತ್ತಿ ನೋಡುತ್ತಿರಲಿಲ್ಲ ಎಂದರೆ ಅಚ್ಚರಿಯಾದೀತು.

ಭೂಮಧ್ಯ ಸಮುದ್ರದಲ್ಲಿ ಸಿಸಿಲಿಯನ್ನು ಬಿಟ್ಟರೆ ಸಾರ್ಡೀನಿಯವೇ ದೊಡ್ಡ ದ್ವೀಪ. ವಿಸ್ತೀರ್ಣ ಸುಮಾರು 24 ಸಾವಿರ ಚದರ ಕಿಲೋಮೀಟರು. ಸುತ್ತಲೂ ನೀರಿದ್ದರೂ ಇಲ್ಲಿಯವರು ಹೇಳಿಕೇಳಿ ಗುಡ್ಡಗಾಡಿನವರು, ಕುರಿ ಸಾಕಿ ಬದುಕಿದವರು. 1926ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಗ್ರಾಸಿಯಾ ಡೆಲೆಡ್ಡಾ ಹುಟ್ಟಿದ ನುವೊರೊ ಕೂಡ ಬೆಟ್ಟದ ಮೇಲಿನ ಊರೇ. ಸಮುದ್ರದಿಂದ ಬಂದವನು ಕದಿಯಲೆಂದೇ ಬಂದವನು ಎಂಬ ಗಾದೆ ಅವರಲ್ಲಿದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. ಉತ್ತರ ಆಫ್ರಿಕದ ಕಡಲ್ಗಳ್ಳರ ಹಾವಳಿ ತಡೆಯಲು 16ನೇ ಶತಮಾನದಲ್ಲಿ ಸ್ಪೇನಿನ ಆಳ್ವಿಕೆ ಕಟ್ಟಿಸಿದ ಕಾವಲು ಗೋಪುರಗಳು ತೀರದುದ್ದಕ್ಕೂ ಇಂದಿಗೂ ನಿಂತಿವೆ.

ಆದರೆ ಕಳ್ಳರಿಗಿಂತ ದೊಡ್ಡ ಶತ್ರು ಸೊಳ್ಳೆ. ತೀರದ ಹಿನ್ನೀರು, ಜೌಗು ಪ್ರದೇಶಗಳೆಲ್ಲ ಮಲೇರಿಯದ ತವರು. ಕ್ರಿ.ಶ. 19ರಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್ ಕಾಲದಲ್ಲಿ ನಾಲ್ಕು ಸಾವಿರ ಮಂದಿಯನ್ನು ದರೋಡೆಕೋರರನ್ನು ಹತ್ತಿಕ್ಕುವ ನೆಪದಲ್ಲಿ ಇಲ್ಲಿಗೆ ಅಟ್ಟಲಾಯಿತು. ಅವರು ಅಲ್ಲಿಯ ಕೆಟ್ಟ ಹವೆಗೆ ಸತ್ತರೆ ನಷ್ಟವೇನೂ ಇಲ್ಲವೆಂಬ ಎಣಿಕೆ ಅದರ ಹಿಂದಿತ್ತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಈ ಕುಖ್ಯಾತಿ ಹತ್ತೊಂಬತ್ತು ಶತಮಾನ ಉಳಿಯಿತು. ಆಸ್ತಿ ಪಾಲಾಗುವಾಗ ಒಳನಾಡಿನ ಒಳ್ಳೆಯ ಭೂಮಿ ಗಂಡುಮಕ್ಕಳಿಗೆ, ಕಡಲಂಚಿನ ಬರಡು ಹೆಣ್ಣುಮಕ್ಕಳಿಗೆ ಸಲ್ಲುತ್ತಿತ್ತು ಎಂಬ ಮಾತು ಅಲ್ಲಿ ಈಗಲೂ ಪ್ರಚಲಿತ.

ಇದನ್ನೆಲ್ಲ ಬದಲಿಸಿದ್ದು ಡಿಡಿಟಿ. ಮಲೆನಾಡಿನ ಹಿರಿಯರಿಗೆ ಈ ಹೆಸರು, ಅದರ ವಾಸನೆ ಎರಡೂ ನೆನಪಿದ್ದೀತು. 1946ರಿಂದ 1950ರವರೆಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಇಡೀ ದ್ವೀಪಕ್ಕೆ, ಮನೆಮನೆಗೆ, ಹಳ್ಳಕೊಳ್ಳಗಳಿಗೆ ಅದನ್ನು ಸಿಂಪಡಿಸಲಾಯಿತು. ಸೊಳ್ಳೆಯ ಸಂತಾನವನ್ನೇ ಇಲ್ಲವಾಗಿಸುವ ಗುರಿ ಈಡೇರಲಿಲ್ಲ. ಆದರೆ ಜ್ವರ ನಿಂತಿತು. 1946ರಲ್ಲಿ ಸುಮಾರು 75 ಸಾವಿರವಿದ್ದ ರೋಗಿಗಳ ಸಂಖ್ಯೆ ಐದಾರು ವರ್ಷದಲ್ಲಿ ಬೆರಳೆಣಿಕೆಗೆ ಇಳಿಯಿತು.

ಜ್ವರ ಹೋದದ್ದೇ ತಡ, ಹಣ ಬಂತು. 1962ರಲ್ಲಿ ಇಸ್ಮಾಯಿಲಿ ಪಂಥದ ಧರ್ಮಗುರು ನಾಲ್ಕನೆಯ ಆಗಾ ಖಾನ್ ಮತ್ತು ಸಂಗಡಿಗರು ಈಶಾನ್ಯ ತೀರದ ಭೂಮಿ ಕೊಂಡು ‘ಪಚ್ಚೆಯ ಕರಾವಳಿ’ ಎಂಬರ್ಥದ ಕೋಸ್ತಾ ಸ್ಮೆರಾಲ್ಡಾ ವಿಹಾರಧಾಮ ಆರಂಭಿಸಿದರು. (ಗಾಂಧೀಜಿಯನ್ನು ಸೆರೆಯಲ್ಲಿಟ್ಟಿದ್ದ ಪುಣೆಯ ಅರಮನೆಯನ್ನು ಕಟ್ಟಿಸಿದ್ದು ಇವರ ತಾತ.) ಆಡು ಮೇಯುತ್ತಿದ್ದ ಬಂಡೆಗಳ ನಡುವೆ ಕೋಟ್ಯಧೀಶರ ವಿಹಾರನೌಕೆಗಳು ಲಂಗರು ಹಾಕಿದವು. ಹೆಣ್ಣುಮಕ್ಕಳ ಪಾಲಿನ ಬರಡು ಬಂಗಾರವಾಯಿತು.

ಹಾಗೆಂದು ದ್ವೀಪದ ಸೊಬಗೆಲ್ಲ ಶ್ರೀಮಂತರ ಪಾಲಾಗಿಲ್ಲ. ಪೂರ್ವ ತೀರದ ಕಾಲಾ ಗೊಲೊರಿಟ್ಜೆಯಲ್ಲಿ ನೀರಿನಂಚಿನಿಂದಲೇ 143 ಮೀಟರ್ ಎತ್ತರಕ್ಕೆ ಸುಣ್ಣಕಲ್ಲಿನ ಸೂಜಿಯೊಂದು ಎದ್ದಿದೆ. ಬೆಟ್ಟದಿಂದ ನಡೆದೇ ಇಳಿಯಬೇಕು, ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯೂ ಉಂಟು. ವಾಯವ್ಯ ತುದಿಯ ಲಾ ಪೆಲೋಸಾದಲ್ಲಿ 2020ರಿಂದ ಬೇಸಿಗೆಯಲ್ಲಿ ದಿನಕ್ಕೆ 1,500 ಮಂದಿಗೆ ಮಾತ್ರ ಪ್ರವೇಶ. ಟವೆಲನ್ನು ನೇರ ಮರಳಿನ ಮೇಲೆ ಹಾಸುವಂತಿಲ್ಲ, ಅಡಿಗೊಂದು ಚಾಪೆ ಬೇಕು. ಒದ್ದೆ ಟವೆಲಿಗೆ ಅಂಟಿಕೊಂಡೇ ಎಷ್ಟೋ ಮರಳು ಊರು ಬಿಡುತ್ತದಂತೆ!

ಎಲ್ಲಕ್ಕಿಂತ ವಿಚಿತ್ರ ಬುಡೆಲ್ಲಿ ಎಂಬ ಪುಟ್ಟ ನಡುಗಡ್ಡೆಯ ಕಥೆ. ಅಲ್ಲಿಯ ಮರಳಿನದು ಗುಲಾಬಿ ಬಣ್ಣ. ನಿರ್ದೇಶಕ ಅಂತೋನಿಯೋನಿ 1964ರ ತನ್ನ ‘ರೆಡ್ ಡೆಸರ್ಟ್’ ಚಿತ್ರದಲ್ಲಿ ಅದನ್ನು ತೋರಿಸಿದ. ಕ್ರಮೇಣ ದೋಣಿ ದೋಣಿ ಜನ ಬಂದರು, ಚೀಲ ಚೀಲ ಮರಳು ಹೊತ್ತರು, ಬಣ್ಣ ಮಂಕಾಯಿತು. 1994ರಲ್ಲಿ ಈ ದ್ವೀಪಸಮೂಹ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಆ ದಂಡೆಗೆ ಕಾಲಿಡುವಂತಿಲ್ಲ. ಮೊದೇನಾದ ಮಾಜಿ ಶಿಕ್ಷಕ ಮೌರೊ ಮೊರಾಂಡಿ 1989ರಲ್ಲಿ ದೋಣಿ ಕೆಟ್ಟು ಇಲ್ಲಿಗೆ ಬಂದವರು, 2021ರವರೆಗೆ ಒಬ್ಬಂಟಿ ಕಾವಲುಗಾರರಾಗಿ ಉಳಿದುಬಿಟ್ಟರು.

ಗುಲಾಬಿ ಬಣ್ಣದ ಮೂಲ ಒಂದು ಸೂಕ್ಷ್ಮಜೀವಿಯ ಕೆಂಪು ಚಿಪ್ಪು. ಅದು ಬದುಕುವುದು ಪೊಸಿಡೋನಿಯ ಎಂಬ ಕಡಲಹುಲ್ಲಿನ ಬುಡದಲ್ಲಿ. ಹುಲ್ಲು ಅಲೆಯ ಹೊಡೆತ ತಗ್ಗಿಸುತ್ತದೆ, ಜೀವಿ ಸತ್ತಾಗ ಚಿಪ್ಪು ಪುಡಿಯಾಗಿ ದಡ ಸೇರುತ್ತದೆ. ವಿಹಾರನೌಕೆಗಳ ಲಂಗರು ಕೀಳುವುದು ಈ ಹುಲ್ಲನ್ನೇ. 2004ರಲ್ಲಿ ಪ್ರಾದೇಶಿಕ ಸರಕಾರ ತೀರದ ಎರಡು ಕಿಲೋಮೀಟರ್ ಒಳಗೆ ಹೊಸ ಕಟ್ಟಡಗಳಿಗೆ ತಡೆ ಹಾಕಿತಾದರೂ ನೀರಿನಡಿಯ ಹುಲ್ಲುಗಾವಲು ಕಾಯುವುದು ಅಷ್ಟು ಸುಲಭವಲ್ಲ. ಚಳಿಗಾಲದಲ್ಲಿ ಒಣಗಿದ ಎಲೆಗಳು ದಡದಲ್ಲಿ ಕಂದು ರಾಶಿಯಾಗಿ ಬೀಳುತ್ತವೆ. ನೋಡಲು ಹೊಲಸು, ವಾಸನೆಯೂ ಉಂಟು. ಪ್ರವಾಸಿಗರು ದೂರುತ್ತಾರೆಂದು ಯಂತ್ರ ತಂದು ಆ ರಾಶಿ ಎತ್ತಿಸಿದರೆ ಅದರೊಡನೆ ಮರಳೂ ಹೋಗುತ್ತದೆ. ಬಿಟ್ಟರೆ ಬಿರುಗಾಳಿಯ ಅಲೆಗಳಿಗೆ ಅದೇ ಒಡ್ಡು.