ಮಾಟುಂಗದ ಪಾರ್ಸೆಲ್ಲೂ ಸುಂಕದ ನಾಕಾವೂ

ಬ್ರಿಟನ್ ಐರೋಪ್ಯ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದದ್ದು 2021ರ ಜನವರಿ 1ರಂದು. ಅಲ್ಲಿಂದೀಚೆಗೆ ಲಂಡನ್ನಿನ ಅಂಗಡಿಯಿಂದ ಐರ್ಲೆಂಡಿಗೆ ಆನ್‌ಲೈನಿನಲ್ಲಿ ತರಿಸುವ ಸಾಮಾನಿಗೆ ಕಸ್ಟಮ್ಸ್ ಕಾಗದ, ತೆರಿಗೆಗಳ ಕಾಟ. "ಏನು ಮಾವ ಇದು, ಲಂಡನ್ನು ಪಕ್ಕದಲ್ಲೇ ಇದೆಯಲ್ಲ?" ಎಂದ ಡಬ್ಲಿನ್ನಿನಲ್ಲಿರುವ ನನ್ನ ತಂಗಿಯ ಮಗ. ಮಾಟುಂಗದವರಾದ ನಾವು ಇದನ್ನು ಒಂದೇ ದೇಶದೊಳಗೆ ಕಂಡವರು!

ಕರ್ನಾಟಕ 1979ರಲ್ಲೇ ಆಕ್ಟ್ರಾಯ್ ಕೈಬಿಟ್ಟಿತ್ತು. ಮುಂಬಯಿ ಬಿಡಲಿಲ್ಲ, ಮಹಾನಗರಪಾಲಿಕೆಗೆ ಅದೇ ದೊಡ್ಡ ಆದಾಯ. ದಹಿಸರ್, ಮುಲುಂಡ್, ವಾಶಿ ನಾಕಾಗಳಲ್ಲಿ ಲಾರಿಗಳ ಸಾಲು. ಬೆಂಗಳೂರಿನಲ್ಲಿ ಕೊಂಡ ಗ್ರೈಂಡರ್ ಟ್ರಾನ್ಸ್‌ಪೋರ್ಟಿನಲ್ಲಿ ಬಂದರೆ ಬಾಡಿಗೆಯ ಜೊತೆ ಸುಂಕದ ಚೀಟಿಯೂ ಬರುತ್ತಿತ್ತು. ಕೊಂಡಾಗ ಒಮ್ಮೆ ತೆರಿಗೆ ಕೊಟ್ಟಾಗಿದೆ ಅಂದರೆ ಯಾರು ಕೇಳ್ತಾರೆ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ವ್ಯಾಪಾರಿಗಳು ನಗರದ ಗಡಿಯಾಚೆ ಭಿವಂಡಿಯಲ್ಲಿ ಗೋದಾಮು ಕಟ್ಟಿಕೊಳ್ಳಲು ಇದೂ ಒಂದು ಕಾರಣ. ಆನ್‌ಲೈನ್ ಅಂಗಡಿಗಳು ಬಂದಮೇಲೂ ನಾಕಾ ತಪ್ಪಲಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ಮುಂಬಯಿಯ ಆಕ್ಟ್ರಾಯ್ ಹೋಯಿತು. ಪಾಲಿಕೆಗಾದ ನಷ್ಟವನ್ನು ರಾಜ್ಯ ಸರ್ಕಾರ ತುಂಬಿಕೊಡಬೇಕಾಯಿತು. ಜಿಎಸ್‌ಟಿ ಮೇಲೆ ಊರಿನ ಅಂಗಡಿಯವರ ದೂರು ನೂರಿರಬಹುದು, ಅದರಲ್ಲಿ ಸುಳ್ಳೇನಿಲ್ಲ. ಆದರೆ ಪರವೂರಿನಲ್ಲಿ ಕೂತು ಊರಿನ ಪಾರ್ಸೆಲ್ ಕಾಯುವ ನಮಗೆ, ಊರು ಒಂದು ನಾಕಾದಷ್ಟು ಹತ್ತಿರವಾದದ್ದು ಅಂದೇ.